ಫ್ರೀ ಪದದ ಐದನೆಯ ಅರ್ಥ

ಕೇಳಿಸಿಕೊಳ್ಳುವುದೂ ಒಂದು ನೌಕರಿ ಅಂದರೆ ಯಾರು ನಂಬುತ್ತಾರೆ ಹೇಳಿ. ಮನೆಯವರೇ ನಂಬಲಿಲ್ಲ, ಇನ್ನು ಬೀದಿಯವರ ಮಾತೇನು. ಆದರೆ ಚೀಟಿ ಅಕ್ಕ ಮೂವತ್ತನಾಲ್ಕು ವರ್ಷ ಮಾಡಿದ್ದು ಅದೇ ಕೆಲಸ. ನಿಘಂಟು ಕಚೇರಿಯ ಎರಡನೇ ಮಹಡಿ, ಮೂಲೆಯ ಕೋಣೆ, ಕಿಟಕಿಗೆ ಬೆನ್ನು ಹಾಕಿದ ಮೇಜು. ಮೇಜಿನ ಒಂದು ಕಾಲು ಗಿಡ್ಡ, ಅದರಡಿ ಮಡಿಸಿದ ರಟ್ಟು. ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರುಗಳ ಬೀರು. ಡ್ರಾಯರು ಎಳೆದರೆ ಅಂಗೈಯಗಲದ ಚೀಟಿಗಳು, ನೂರು ನೂರಕ್ಕೆ ದಾರ ಕಟ್ಟಿ ಇಟ್ಟವು. ಅವುಗಳಲ್ಲಿ ಹನ್ನೊಂದು ಸಾವಿರ ಅವಳ ಕೈಬರಹದವು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಆಯಿತು; ಉಳಿದಂತೆ ಜವಾನನಿಂದ ಹಿಡಿದು ಸಂಪಾದಕರವರೆಗೆ ಎಲ್ಲರಿಗೂ ಅವಳು ಚೀಟಿ ಅಕ್ಕ.

ಅಲ್ಲಿ ತಯಾರಾಗುತ್ತಿದ್ದದ್ದು ಎಂಥ ನಿಘಂಟು ಅಂತ ಮೊದಲೇ ಹೇಳಿಬಿಡಬೇಕು. ನಾವು ದಿನಬೆಳಗಾದರೆ ಆಡುವ ಮಾತಿನೊಳಗೆ ಹೇಳದೆ ಕೇಳದೆ ಬಂದು ಕಾಲು ಚಾಚಿ ಕೂತಿರುವ ಇಂಗ್ಲಿಷ್ ಪದಗಳಿವೆಯಲ್ಲ, ಲೈನು, ಟೆನ್ಷನ್ನು, ಸಾರಿ, ಡಲ್ಲು, ಫ್ರೀ, ಅವುಗಳ ನಿಘಂಟು. ಪದ ಹುಟ್ಟಿದ್ದು ಎಲ್ಲಿ, ಹುಟ್ಟಿದಾಗ ಏನು ಅರ್ಥ, ನಮ್ಮ ಬಾಯಿಗೆ ಬಿದ್ದ ಮೇಲೆ ಅದರ ಗತಿ ಏನಾಯಿತು, ಎಲ್ಲ ಅದರಲ್ಲಿ. ಇದನ್ನು ಶುರುಮಾಡಿದ ಹಿರಿಯ ಸಂಪಾದಕರು ಮಹಾ ಹಟಮಾರಿ. ಪುಸ್ತಕ ನೋಡಿ ಪುಸ್ತಕ ಬರೆಯುವ ಕೆಲಸ ಬೇಡ, ಕಿವಿಗೆ ಬಿದ್ದದ್ದು ಮಾತ್ರ ಬರೀರಿ ಅನ್ನೋರು. ಯಾರಾದರೂ ಪದ ಆಡಿದರೆ ಆ ವಾಕ್ಯವನ್ನು ಹಾಗೇ ಚೀಟಿಗೆ ಇಳಿಸಬೇಕು. ಕೆಳಗೆ ಆಡಿದವರು ಯಾರು, ಎಲ್ಲಿ, ಯಾವತ್ತು. ಕೇಳಿ ಹೇಳಿಸಬಾರದು, ತಾನಾಗಿ ಬಾಯಿಗೆ ಬಂದದ್ದೇ ಆಗಬೇಕು. ಒಂದು ಅರ್ಥಕ್ಕೆ ನಂಬರು ಸಿಗಬೇಕಾದರೆ ಮೂರು ಬೇರೆ ಬೇರೆ ಬಾಯಿ ಬೇಕು. ಎರಡೇ ಸಿಕ್ಕಿದರೆ ಚೀಟಿಗಳು ಕೆಳಗಿನ ಡ್ರಾಯರಿನಲ್ಲಿ ಕಾಯಬೇಕು, ಹತ್ತು ವರ್ಷವಾದರೂ ಸರಿ. ಒಂದು ಮನೆಯಲ್ಲಿ ಎಷ್ಟು ಜನರಿದ್ದರೂ ಲೆಕ್ಕಕ್ಕೆ ಒಂದೇ ಬಾಯಿ. ಚೀಟಿ ಬರೆಯುವವರ ಸ್ವಂತ ಬಾಯಿ ಲೆಕ್ಕಕ್ಕೇ ಇಲ್ಲ. ಈ ಕಾಯಿದೆಯ ದೆಸೆಯಿಂದ ಆ ಮಹಾನುಭಾವರಿಗೆ ಬೆನ್ನ ಹಿಂದೆ ಮೂರುಬಾಯಿ ಮೇಷ್ಟ್ರು ಅಂತಲೇ ಹೆಸರು ಬಿದ್ದಿತ್ತು.

ಚೀಟಿ ಅಕ್ಕನಿಗೆ ಈ ಕೆಲಸ ನೀರು ಕುಡಿದಷ್ಟು ಸಲೀಸು. ಬ್ಯಾಗಿನಲ್ಲಿ ಖಾಲಿ ಚೀಟಿ, ಒಂದು ಮೋಟು ಪೆನ್ಸಿಲು. ಬಸ್ಸಿನಲ್ಲಿ, ಅಂಗಡಿ ಮುಂದೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಿವಿ ಬಿಟ್ಟರೆ ಆಯಿತು. ಫ್ರೀ ಅನ್ನುವ ಆ ಪುಟ್ಟ ಪದ ಒಂದಕ್ಕೇ ಅವಳು ತಂದ ಚೀಟಿಗಳನ್ನು ನೋಡಬೇಕು. ಡಾಕ್ಟ್ರು ಫ್ರೀ ಇದ್ದಾರಾ ಅಂತ ಒಬ್ಬಾಕೆ ಕೇಳಿದರೆ ಅದು ಬಿಡುವು, ಒಂದನೇ ಅರ್ಥ. ಸೋಪಿನ ಜೊತೆ ಬಾಚಣಿಗೆ ಫ್ರೀ ಅಂದರೆ ಎರಡನೇದು. ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಯಾರೋ ಫ್ರೀಯಾಗಿರಮ್ಮ, ನಿಮ್ಮನೆ ಅಂದ್ಕೋ ಅಂದರೆ ಮೂರನೇದು. ದರ್ಜಿ ತೋಳಿಗೆ ಟೇಪು ಹಿಡಿದು ಸ್ವಲ್ಪ ಫ್ರೀ ಬಿಡ್ಲಾ ಅಂದದ್ದು, ಸೈಕಲ್ ರಿಪೇರಿಯವನು ಬ್ರೇಕು ಫ್ರೀ ಆಗ್ಬಿಟ್ಟಿದೆ ಅಂದದ್ದು, ಕಾಂಪೌಂಡರು ಒಬ್ಬ ಭಾರಿ ಮರ್ಯಾದಸ್ಥರನ್ನು ಆಸ್ಪತ್ರೆಗೆ ಆಸ್ಪತ್ರೆಯೇ ತಿರುಗಿ ನೋಡುವ ಹಾಗೆ ಹೊಟ್ಟೆ ಫ್ರೀ ಆಯ್ತಾ ಅಂತ ಕೂಗಿ ಕೇಳಿದ್ದು, ಇವೆಲ್ಲ ಸಡಿಲ ಅನ್ನುವ ನಾಲ್ಕನೇದರಲ್ಲಿ. ಆ ಕಾಂಪೌಂಡರನ ಚೀಟಿ ಬರೆಯುವಾಗ ನಗು ತಡೆಯಲಾಗದೆ ಅವಳ ಅಕ್ಷರ ಓರೆಯಾಗಿತ್ತು.

ಆ ಪದದ ಮೂಲ ಬರೆಯುವ ಪಾಳಿಯೂ ಅವಳದೇ ಆಯಿತು. ದಪ್ಪ ದಪ್ಪ ಪುಸ್ತಕಗಳನ್ನು ತೆಗೆದು, ಇಂಗ್ಲಿಷಿನ ಹಳೆಯ ರೂಪಗಳನ್ನು ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋದರೆ, ಫ್ರೀ ಅನ್ನುವುದೂ ನಮಗೆ ಗೊತ್ತಿರುವ ಪ್ರಿಯ ಅನ್ನುವುದೂ ಒಂದೇ ಬೇರಿಗೆ ಹೋಗಿ ಸೇರುತ್ತವೆ. ಪ್ರೀತಿಸು ಅನ್ನುವುದು ಆ ಬೇರಿನ ಅರ್ಥ. ಫ್ರೆಂಡ್ ಅನ್ನುವುದೂ ಅದೇ ಬಳಗ. ಆ ಕಾಲದ ಮನೆಗಳಲ್ಲಿ ಆಳುಗಳೂ ಇರುತ್ತಿದ್ದರು, ಯಜಮಾನನ ಸ್ವಂತದವರೂ ಇರುತ್ತಿದ್ದರು. ಸ್ವಂತದವರು ಅಂದರೆ ಪ್ರೀತಿಪಾತ್ರರು, ಪ್ರೀತಿಪಾತ್ರರು ಅಂದರೆ ಆಳಲ್ಲದವರು. ಹೀಗೆ ಪ್ರೀತಿಯ ಪದ ಹೋಗಿ ಸ್ವತಂತ್ರದ ಪದವಾಗಿರಬೇಕು ಅಂತ ಬಲ್ಲವರು ಹೇಳುತ್ತಾರೆ. ಇದನ್ನು ಓದಿದ ದಿನ ಚೀಟಿ ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಮನೆಯಲ್ಲಿ ಈ ಪದ ಹೋದ ದಾರಿಯೇ ಬೇರೆಯಾಗಿತ್ತು.

ಮನೆ ಅಂದರೆ ಅಣ್ಣನ ಮನೆ. ಹಿಂದಿನ ಕೋಣೆ ಅವಳದು. ಅವಳದು ಅಂತ ಹೆಸರಿಗೆ. ಹೊಲಿಗೆ ಮಿಷನ್ನು, ಮಡಿಸಿದ ಹಾಸಿಗೆಗಳು, ಒಡೆದ ಕುರ್ಚಿ ಎಲ್ಲ ಅಲ್ಲೇ. ಮದುವೆ ಆಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಆದ್ದರಿಂದ ಅವಳು ಫ್ರೀ. ಅಣ್ಣನ ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಬಿಡುವವರು ಯಾರು, ಅವಳು ಫ್ರೀ ತಾನೆ. ನಲ್ಲಿ ರಿಪೇರಿಯವನು ಬರುತ್ತಾನೆ, ಮನೆಯಲ್ಲಿ ಇರುವವರು ಯಾರು, ಅವಳು ರಜಾ ಹಾಕಲಿ, ಫ್ರೀ ಇದ್ದಾಳೆ. ಪಕ್ಕದ ಮನೆಯ ಮುದುಕರಿಗೆ ಕಣ್ಣಿನ ಆಪರೇಷನ್, ಜೊತೆಗೆ ಯಾರು, ಅವಳೇ. ಅವಳ ಕಚೇರಿ ಅಂದರೆ ಮನೆಯವರ ಲೆಕ್ಕದಲ್ಲಿ ಅವಳು ದಿನಾ ಹೋಗಿ ಕೂತು ಬರುವ ಜಾಗ. ಅತ್ತಿಗೆಯ ಬಾಯಲ್ಲಂತೂ ದಿನಕ್ಕೆ ಹತ್ತು ಸಲ ಈ ಮಾತು ಬರುತ್ತಿತ್ತು: ಅವಳು ಫ್ರೀ ಇದ್ದಾಳಲ್ಲ, ಅವಳನ್ನ ಕೇಳಿ. ಚೀಟಿ ಅಕ್ಕ ಜಗಳ ಆಡಲಿಲ್ಲ. ಕೋಣೆಗೆ ಹೋಗಿ ಚೀಟಿ ಬರೆದಳು. ಹಾಗೆ ಬರೆದವು ಮೂವತ್ತೊಂದಾದವು, ಆದರೆ ಕಾಯಿದೆ ಪ್ರಕಾರ ಮೂವತ್ತೊಂದೂ ಸೇರಿ ಒಂದೇ ಬಾಯಿ.

ಎರಡನೇ ಬಾಯಿ ಬಸ್ಸಿನಲ್ಲಿ ಸಿಕ್ಕಿತು. ಮುಂದಿನ ಸೀಟಿನ ಹೆಂಗಸು ಗೆಳತಿಗೆ, ನಮ್ಮ ಚಿಕ್ಕಮ್ಮ ಇದ್ದಾರಲ್ಲ, ಅವರು ಫ್ರೀ, ಮಕ್ಕಳನ್ನ ಅವರ ತಲೆಗೆ ಕಟ್ಟಿ ಬಂದೆ ಅಂದಳು. ಮೂರನೇ ಬಾಯಿ ಸಿಗಲೇ ಇಲ್ಲ. ಫ ಅಕ್ಷರ ಅಚ್ಚಿಗೆ ಹೋಗುವುದಕ್ಕೆ ಎರಡೇ ದಿನ ಉಳಿದಿತ್ತು.

ಈಗ ಹೇಳುವುದು ಇಪ್ಪತ್ತಾರು ವರ್ಷದ ಹಿಂದಿನ ಮಾತು, ಆಗ ಅವಳಿಗೆ ಮೂವತ್ತನಾಲ್ಕು. ಬೇರೆ ಊರಿನ ಒಂದು ದೊಡ್ಡ ನಿಘಂಟು ಕಚೇರಿಯವರು ಒಂದು ವರ್ಷದ ತರಬೇತಿಗೆ ಒಬ್ಬರನ್ನು ಕಳಿಸಿ ಅಂದಿದ್ದರು. ಮೂರುಬಾಯಿ ಮೇಷ್ಟ್ರು ಹಿಂದೆ ಮುಂದೆ ನೋಡದೆ ಚೀಟಿ ಅಕ್ಕನ ಹೆಸರು ಬರೆದಿದ್ದರು. ರೈಲು ಟಿಕೆಟ್ ಆಗಿತ್ತು, ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಅವಳು ಯಾರಿಗೂ ಹೇಳದೆ ಒಂದು ಜೊತೆ ಒಳ್ಳೇ ಬೂಟು ಕೊಂಡಿದ್ದಳು, ಆ ಊರಿನಲ್ಲಿ ಚಳಿ ಅಂತ. ಅವತ್ತು ಮಧ್ಯಾಹ್ನ ಕಚೇರಿಗೆ ಅಣ್ಣನ ಫೋನು ಬಂತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಸೊಂಟದ ಮೂಳೆ, ಏಳೋದು ಕಷ್ಟವಂತೆ. ನಿಮ್ಮ ಅತ್ತಿಗೆಗೆ ಎರಡು ಚಿಕ್ಕ ಮಕ್ಕಳು, ನನಗೆ ಆಫೀಸು, ಹೇಗೆ ಮಾಡೋಣ ಹೇಳು ಅಂದ. ನೀನು ಇರು ಅಂತ ಅವನು ಬಾಯಿ ಬಿಟ್ಟು ಕೇಳಲಿಲ್ಲ, ಅದನ್ನು ಹೇಳಲೇಬೇಕು. ಅವಳೇ ಅಂದಳು: "ನಾನು ಫ್ರೀ ಇದ್ದೀನಲ್ಲ ಅಣ್ಣ, ನಾನೇ ನೋಡ್ಕೋತೀನಿ. ನನಗೇನಿದೆ."

ಫೋನು ಇಟ್ಟು ಹೋಗಿ ತರಬೇತಿಯ ಕಾಗದವನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟಳು. ವಾಪಸು ಬಂದು ಕೂತಳು. ಒಂದು ಖಾಲಿ ಚೀಟಿ ಎಳೆದುಕೊಂಡಳು. ಆಮೇಲೆ ತಾನು ಆಡಿದ ಆ ವಾಕ್ಯವನ್ನು ಒಂದಕ್ಷರ ಬಿಡದೆ ಬರೆದಳು, ಆಡಿದವರು ಅನ್ನುವ ಜಾಗದಲ್ಲಿ 'ಒಬ್ಬ ನರ್ಸ್, ಬಸ್ ನಿಲ್ದಾಣ' ಅಂತ ಹಾಕಿದಳು. ಮೂರು ಬಾಯಿ ಆಯಿತು. ನಿಘಂಟಿನಲ್ಲಿ ಫ್ರೀ ಪದಕ್ಕೆ ಐದನೇ ಅರ್ಥ ಬಂತು: 'ಮನೆಯ ಒಬ್ಬರ ಬಗ್ಗೆ: ತನ್ನದು ಅನ್ನುವ ಕೆಲಸವಿಲ್ಲವೆಂದು ಉಳಿದವರೆಲ್ಲ ತಿಳಿದಿರುವ, ಯಾರು ಯಾವಾಗ ಕರೆದರೂ ಬರಬೇಕಾದ.' ಕೆಳಗೆ ಉದಾಹರಣೆಗೆ ಆ ನರ್ಸಿನ ಮಾತು.

ತಪ್ಪು ಅಂದರೆ ತಪ್ಪೇ, ಅದಕ್ಕೆ ಬಣ್ಣ ಹಚ್ಚುವುದು ಬೇಡ. ಅವಳಿಗೂ ಗೊತ್ತಿತ್ತು. ಅಮ್ಮ ಆರು ವರ್ಷ ಮಲಗಿದ್ದಲ್ಲೇ ಇದ್ದು ಹೋದರು. ಆ ಆರು ವರ್ಷ ಬೆಳಿಗ್ಗೆ ಒಂಬತ್ತರ ತನಕ, ಸಂಜೆ ಆರರ ಮೇಲೆ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ, ಗಂಜಿ ಕುಡಿಸಿ ಮಾಡಿದವಳು ಇವಳೇ. ಆ ಚೀಟಿ ಬಿಟ್ಟರೆ ಇನ್ನೊಂದು ಚೀಟಿಯಲ್ಲಿ ಅವಳು ಒಂದು ಕಾಮಾ ಕೂಡ ಸುಳ್ಳು ಬರೆಯಲಿಲ್ಲ. ಅದೇನು ಗ್ರಹಚಾರವೋ, ನಿಘಂಟು ಬಂದ ಮೇಲೆ ಓದುಗರು ಕಾಗದ ಬರೆದದ್ದೂ ಐದನೇ ಅರ್ಥದ ಬಗ್ಗೆಯೇ. ಯಾವ ಯಾವ ಊರಿಂದಲೋ ಹೆಂಗಸರು ಬರೆದರು, ಇದು ನಾನೇ ಅಂತ.

ಹೀಗೆ ವರ್ಷಗಳು ಕಳೆದವು. ಮೂರುಬಾಯಿ ಮೇಷ್ಟ್ರು ತೀರಿಹೋದರು. ಹೊಸ ಸಂಪಾದಕರು ಬಂದರು, ನಲವತ್ತೈದರ ಆಸುಪಾಸು, ಮಂಡಿ ನೋವು, ಕೆಲಸದಲ್ಲಿ ಮೇಷ್ಟ್ರಿಗಿಂತ ಒಂದು ಕೈ ಮೇಲು. ಚೀಟಿ ಅಕ್ಕನಿಗೆ ಅರುವತ್ತಾಯಿತು, ನಿವೃತ್ತಿಗೆ ಒಂದು ತಿಂಗಳಿತ್ತು. ಆಗ ಸಂಪಾದಕರು ಕರೆದು, ನಿಘಂಟನ್ನು ಪರಿಷ್ಕರಿಸಿ ಮತ್ತೆ ಅಚ್ಚು ಹಾಕಬೇಕು, ನಿಮ್ಮಂಥ ಕಿವಿ ಇನ್ನೊಂದಿಲ್ಲ, ಇನ್ನೆರಡು ವರ್ಷ ಇದೇ ಮೇಜಿನಲ್ಲಿ ಇರಿ ಅಂದರು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು, ಆದರೆ ಯೋಚನೆ ಮಾಡ್ತೀನಿ ಸರ್ ಅಂತ ಬಿಗುಮಾನದಿಂದ ಹೇಳಿ ಬಂದಳು. ಮನೆಯಲ್ಲಿ ನೋಡಿದರೆ ಬೇರೆಯದೇ ತೀರ್ಮಾನವಾಗಿತ್ತು. ಬೇರೆ ಊರಿನಲ್ಲಿದ್ದ ಅಣ್ಣನ ಎರಡನೇ ಮಗಳಿಗೆ ದಿನ ತುಂಬುತ್ತಿತ್ತು. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಹಿಂದೆ ಮುಂದೆ ಯಾರೂ ಇಲ್ಲ. ಅತ್ತೆ ರಿಟೈರ್ ಆಗ್ತಾರಲ್ಲ, ಇನ್ನು ಪೂರ್ತಿ ಫ್ರೀ, ಒಂದು ವರ್ಷ ಬಂದಿರ್ಲಿ ಅಂತ ಫೋನಿನಲ್ಲಿ ಮಾತು ಮುಗಿದಿತ್ತು. ಮೇಜು ಉಳಿದರೆ ಅವಳಿಗೆ ಹೋಗಲ್ಲ ಅನ್ನುವುದಕ್ಕೆ ಒಂದು ಆಧಾರ. ಮೇಜು ಹೋಯಿತೋ, ಸೂಟ್‌ಕೇಸು ಹಿಡಿದು ಹೊರಡುವುದೇ.

ಅಷ್ಟರಲ್ಲಿ ಸಂಪಾದಕರ ತಲೆಗೆ ಒಂದು ಯೋಚನೆ ಹೊಳೆಯಿತು. ಹೊಸ ಮುದ್ರಣದ ಹಿಂಬದಿಯ ರಟ್ಟಿನ ಮೇಲೆ ಆ ನರ್ಸಿನ ಮಾತನ್ನು ಹಾಕೋಣ, ಬಿಡುಗಡೆಯ ದಿನ ಆಕೆಯನ್ನೇ ವೇದಿಕೆಗೆ ಕರೆದು ಮೊದಲ ಪ್ರತಿ ಕೊಡೋಣ, ನೀವೇ ಹುಡುಕಿ ಅಂದುಬಿಟ್ಟರು. ಚೀಟಿ ಅಕ್ಕನ ಜೀವ ಬಾಯಿಗೆ ಬಂತು. ಹುಡುಕ್ತೀನಿ ಸರ್ ಅಂದಳು. ಇಲ್ಲದ ನರ್ಸನ್ನು ಎಲ್ಲಿಂದ ತರೋದು? ನಾಲ್ಕು ದಿನ ಫೋನ್ ಪುಸ್ತಕ ತಿರುವಿ ಹಾಕಿದ ಹಾಗೆ ಮಾಡಿದಳು, ಊಟ ಸೇರಲಿಲ್ಲ. ಆಕೆ ತೀರಿಕೊಂಡರಂತೆ ಅಂತ ಒಂದು ಮಾತು ಹೇಳಿದರೆ ಮುಗಿಯಿತು ಅಂದುಕೊಂಡು ಅದನ್ನು ಹೇಗೆ ಹೇಳಬೇಕು ಅಂತಲೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಳು.

ಶುಕ್ರವಾರ ಮಧ್ಯಾಹ್ನ ಸಂಪಾದಕರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ನೀವೊಬ್ಬರೇ ಕಷ್ಟಪಡ್ತಿದ್ದೀರಲ್ಲ ಅಂತ ತಾವೂ ಮೂರು ಆಸ್ಪತ್ರೆ ಸುತ್ತಿ ಬಂದಿದ್ದರಂತೆ, ಹಳೇ ನರ್ಸುಗಳ ಪಟ್ಟಿ ಬರೆಸಿಕೊಂಡಿದ್ದರಂತೆ, ನಾಳೆ ಇನ್ನೆರಡು ಕಡೆ ಹೋಗುತ್ತಾರಂತೆ. ಕುರ್ಚಿಯಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಾ, ಸಿಕ್ಕೇ ಸಿಗ್ತಾರೆ ಬಿಡಿ ಅಂತ ಅವಳಿಗೇ ಧೈರ್ಯ ಹೇಳಿದರು. ಆ ಮಂಡಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ತನ್ನ ಸುಳ್ಳಿಗೆ ಇನ್ನೊಬ್ಬರು ಮೆಟ್ಟಿಲು ಹತ್ತೋದಾ?

"ಸರ್, ನಾಳೆ ಹೋಗಬೇಡಿ. ಆ ನರ್ಸ್ ಇಲ್ಲ."

"ತೀರಿಕೊಂಡರಾ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಅನ್ನುವುದು ಗಂಟಲ ತನಕ ಬಂದಿತ್ತು ಕೂಡ.

"ಇಲ್ಲ ಸರ್. ಆಕೆ ಯಾವತ್ತೂ ಇರಲಿಲ್ಲ. ಆ ಮಾತು ನಾನು ಆಡಿದ್ದು. ಹೆಸರು ಸುಳ್ಳು ಬರೆದೆ."

ಆಮೇಲೆ ಎಲ್ಲ ಹೇಳಿದಳು, ಫೋನು, ತರಬೇತಿಯ ಕಾಗದ, ಅಚ್ಚಿಗೆ ಉಳಿದಿದ್ದ ಎರಡು ದಿನ. ಬೂಟಿನ ಸಂಗತಿ ಮಾತ್ರ ಹೇಳಲಿಲ್ಲ. ಸಂಪಾದಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಬೈಯುತ್ತಾರೆ ಅಂತ ಅವಳು ಕಾದರೆ ಅವರು ಬೇರೇನೋ ಕೇಳಿದರು: ಆ ಮಾತು ಆಡಿದಾಗ ನೀವು ನಿಜವಾಗಿ ಫ್ರೀ ಇದ್ರಾ? ಇರಲಿಲ್ಲ ಸರ್, ಟಿಕೆಟ್ ಆಗಿತ್ತು ಅಂದಳು.

"ಅದಕ್ಕೆ ನನ್ನ ತಕರಾರಿಲ್ಲ," ಅಂದರು ಅವರು. "ಸುಳ್ಳು ಹೇಳುವಾಗಲೂ ಜನ ಪದವನ್ನ ಸರಿಯಾಗೇ ಬಳಸ್ತಾರೆ. ಆದರೆ ಆಡಿದವರು ಯಾರು ಅನ್ನೋ ಜಾಗದಲ್ಲಿ ಸುಳ್ಳು ಬರೆದಿರಲ್ಲ. ಇನ್ನು ನಿಮ್ಮ ಹನ್ನೊಂದು ಸಾವಿರ ಚೀಟಿ ನಾನು ಹೇಗೆ ನಂಬಲಿ?"

ಇದಕ್ಕೆ ಅವಳು ಸಿದ್ಧವಾಗಿರಲಿಲ್ಲ. ಕೆಲಸ ಹೋಗಬಹುದು, ಮಾನ ಹೋಗಬಹುದು ಅಂದುಕೊಂಡಿದ್ದಳೇ ಹೊರತು ಮೂವತ್ತನಾಲ್ಕು ವರ್ಷವೇ ಹೋಗಬಹುದು ಅಂತ ಅಂದುಕೊಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಬರಲಿ ಅಂತ ಬಿಟ್ಟಳು. "ನಂಬಬೇಡಿ ಸರ್," ಅಂದಳು, "ತೆಗೆದು ನೋಡಿ." ಅವರು ಕಡ್ಡಿ ಮುರಿದ ಹಾಗೆ ಹೇಳಿದರು: ನೋಡ್ತೀನಿ, ಅಲ್ಲಿವರೆಗೆ ಮೇಜಿನ ವಿಷಯ ಮಾತಾಡೋದು ಬೇಡ.

ಮಾರನೇ ದಿನ ಸಂಪಾದಕರು ಕಣ್ಣು ಮುಚ್ಚಿಕೊಂಡು ಬೀರುವಿನಿಂದ, ಫ್ರೀ ಪದದ ಕಟ್ಟಿನಿಂದಲೂ ಉಳಿದ ಕಟ್ಟುಗಳಿಂದಲೂ, ಅವಳ ಕೈಬರಹದ ನಲವತ್ತು ಚೀಟಿ ಎಳೆದರು. ಆಡಿದವರನ್ನು ಹುಡುಕಿ ಹೊರಟರು, ಅದೇ ಮಂಡಿಯಲ್ಲಿ. ಒಂಬತ್ತು ದಿನ. ಚೀಟಿ ಅಕ್ಕ ಆ ಒಂಬತ್ತು ದಿನವೂ ಹೊತ್ತಿಗೆ ಸರಿಯಾಗಿ ಬಂದು ಕೂತಳು. ಮಾಡಲು ಕೆಲಸವಿಲ್ಲ, ಅವಳ ಕೈಗೆ ಯಾರೂ ಚೀಟಿ ಕೊಡುತ್ತಿರಲಿಲ್ಲ. ಬೀರುವಿನ ಧೂಳು ಒರೆಸಿದಳು, ಲಡ್ಡಾದ ದಾರಗಳನ್ನು ಬದಲಿಸಿದಳು. ಕಚೇರಿಯವರಿಗೆ ವಿಷಯ ಗೊತ್ತಾಗಿ ಕೆಲವರು ಮಾತು ನಿಲ್ಲಿಸಿದರು. ಜವಾನ ಮಾತ್ರ ಎಂದಿನಂತೆ ಚಹಾ ತಂದಿಟ್ಟು, ನನ್ನ ಮಾತು ಎಷ್ಟು ಸಲ ಬರ್ಕೊಂಡಿದ್ದೀರಿ, ಎಲ್ಲಾ ನಾನು ಆಡಿದ್ದೇ ಅಂತ ಬೇಕಾದ್ರೆ ನಾನು ಹೇಳ್ತೀನಕ್ಕ ಅಂದ. ಅದನ್ನು ಕೇಳಿ ಅವಳಿಗೆ ಮತ್ತೆ ಅಳು ಬಂತು.

ಅತ್ತ ಸಂಪಾದಕರ ಅನುಭವವೇ ಒಂದು ಪುರಾಣ. ದರ್ಜಿ ಈಗ ಮುದುಕ, ಅಂಗಡಿ ಮಗನದು. ಕೇಳಿದ ಕೂಡಲೇ, ಓ ಆ ಅಮ್ಮನಾ, ಅಳತೆ ಕೊಡೋಕೆ ಬಂದು ನನ್ನ ಮಾತು ಬರ್ಕೊಂಡ್ರು, ಆಮೇಲೆ ತೋಳು ಬಿಗಿಯಾಯ್ತು ಅಂತ ಜಗಳಾನೂ ಆಡಿದ್ರು ಅಂದ. ಸೈಕಲ್ಲಿನವನಿಗೆ ದಿನ ನೆನಪಿರಲಿಲ್ಲ, ಮಾತು ನೆನಪಿತ್ತು. ಏಳು ಜನ ತೀರಿಹೋಗಿದ್ದರು, ಅವರಲ್ಲಿ ನಾಲ್ವರ ಮನೆಯವರು ಓದಿ ನೋಡಿ, ಹೌದು, ಅವರು ಮಾತಾಡ್ತಿದ್ದದ್ದೇ ಹೀಗೆ ಅಂತ ಚೀಟಿಯನ್ನು ಕೊಡಲೊಲ್ಲದೆ ಹಿಡಿದುಕೊಂಡರು. ಒಬ್ಬರೇ ಒಬ್ಬರು ಇಲ್ಲ ಅಂದದ್ದು, ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ಛೆ, ಫ್ರೀ ಗೀ ಅನ್ನೋ ಮಾತೆಲ್ಲ ನನ್ನ ಬಾಯಲ್ಲಿ ಬರೋದೇ ಇಲ್ಲ, ನಾನು ಶುದ್ಧವಾಗಿ ಮಾತಾಡೋಳು ಅಂತ ಸಿಡುಕಿದರು. ಗೇಟಿನ ತನಕ ಬಂದು, ಇನ್ನೊಂದು ದಿನ ಫ್ರೀ ಇದ್ದಾಗ ಬನ್ನಿ, ಕೂತು ಮಾತಾಡೋಣ ಅಂದರು. ಸಂಪಾದಕರು ಗೇಟಿನ ಮೇಲೆ ಚೀಟಿ ಇಟ್ಟುಕೊಂಡು ಅಲ್ಲೇ ಬರೆದರು.

ಹತ್ತನೇ ದಿನ ಅವರು ಬಂದು ನಲವತ್ತು ಚೀಟಿಗಳನ್ನೂ ಅವಳ ಮೇಜಿನ ಮೇಲೆ ಇಟ್ಟರು. ಜೊತೆಗೆ ಎರಡು ವರ್ಷದ ನೇಮಕದ ಕಾಗದ. ಐದನೇ ಅರ್ಥ ತೆಗೀಬೇಕಾಗುತ್ತೆ ಮೇಡಂ, ಬಾಯಿ ಎರಡೇ ಉಳೀತು, ಓದುಗರ ಕಾಗದ ಕಿವಿಗೆ ಬಿದ್ದದ್ದಲ್ಲ, ಕಾಯಿದೆ ಕಾಯಿದೆಯೇ ಅಂದರು. ಕೆಂಪು ಪೆನ್ಸಿಲು ಕೊಡಿ, ನಾನೇ ಹೊಡೀತೀನಿ ಅಂದಳು ಅವಳು. ಕರಡಿನ ಮೇಲೆ ಆ ನಾಲ್ಕು ಸಾಲಿನ ಮೇಲೆ ಗೆರೆ ಎಳೆಯುವಾಗ ನೋವಾಯಿತು. ಎಷ್ಟೋ ಹೆಂಗಸರು ಇದು ನಾನೇ ಅಂತ ಕಾಗದ ಬರೆದಿದ್ದರಲ್ಲ, ಅವರೆಲ್ಲರ ಹೆಸರನ್ನೂ ಅಳಿಸಿದ ಹಾಗಾಯಿತು ಅಂತ ಸಂಪಾದಕರಿಗೆ ಹೇಳಿಯೂ ಹೇಳಿದಳು. ನಿಜವಾದ ಎರಡು ಬಾಯಿಯ ಚೀಟಿಗಳನ್ನು ಕೆಳಗಿನ ಡ್ರಾಯರಿಗೆ ಹಾಕಿ ಮನೆಗೆ ಹೊರಟಳು.

ಕೆಲಸ ಉಳಿಯಿತು, ಸರಿ. ಮನೆಯಲ್ಲಿ ಹೇಳಬೇಕಲ್ಲ. ಹನ್ನೊಂದು ಸಾವಿರ ಚೀಟಿ ಬರೆದವಳಿಗೆ ಆ ಒಂದು ವಾಕ್ಯ ಹೇಳುವುದು ಎರಡು ದಿನವಾದರೂ ಆಗಲಿಲ್ಲ. ಭಾನುವಾರ ಬೆಳಿಗ್ಗೆ ನಡುಮನೆಗೆ ಬಂದರೆ ಅಟ್ಟದ ಮೇಲಿನ ಸೂಟ್‌ಕೇಸು ಕೆಳಗಿಳಿದಿತ್ತು. ಅತ್ತಿಗೆ ಒದ್ದೆ ಬಟ್ಟೆ ಹಿಡಿದು ಅದನ್ನು ಒರೆಸುತ್ತಿದ್ದರು. ನೀನು ರಿಟೈರ್ ಆದ ಮಾರನೇ ದಿನಕ್ಕೇ ಟಿಕೆಟ್ ಮಾಡಿಸೋಣವಾ, ಮಗಳು ಮತ್ತೆ ಫೋನ್ ಮಾಡಿದ್ದಳು ಅಂದರು. ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ.

"ಅತ್ತಿಗೆ, ನಾನು ಹೋಗಲ್ಲ. ಕಚೇರಿಯಲ್ಲಿ ಇನ್ನೂ ಎರಡು ವರ್ಷ ಇರು ಅಂದಿದ್ದಾರೆ, ಒಪ್ಪಿಕೊಂಡಿದ್ದೀನಿ."

"ಇದೇನೇ ಇದು, ನೀನು ಫ್ರೀ ಅಂತ ಅವಳಿಗೆ ಹೇಳಿಬಿಟ್ಟಿದ್ದೀನಲ್ಲ."

"ನಾನು ಫ್ರೀ ಇಲ್ಲ ಅತ್ತಿಗೆ. ಯಾವತ್ತೂ ಇರಲಿಲ್ಲ."

ದನಿ ಏರಿಸಲಿಲ್ಲ. ಆದರೆ ಆ ಮನೆಯಲ್ಲಿ ಈ ಮಾತು ಯಾರೂ ಆಡಿರಲಿಲ್ಲ. ಅಣ್ಣನ ಪೇಪರು ಸ್ವಲ್ಪ ಕೆಳಗಿಳಿಯಿತು. ಅತ್ತಿಗೆ ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು ಸೂಟ್‌ಕೇಸಿನ ಮೇಲೆ ಕೂತರು. ಜಗಳ ಶುರುವಾಯಿತು ಅಂತಲೇ ಚೀಟಿ ಅಕ್ಕ ಅಂದುಕೊಂಡಳು. ಅತ್ತಿಗೆಗೆ ಕೋಪ ಬಂದಿರಲಿಲ್ಲ, ಮುಖ ಮಾತ್ರ ಸಣ್ಣಗಾಗಿತ್ತು.

"ಹೇಳೋಕೆ ಎಷ್ಟು ವರ್ಷ ತಗೊಂಡೆ ನೋಡು," ಅಂದರು. "ನನ್ನ ಕೈಲಿ ಇವತ್ತಿಗೂ ಆಗಲ್ಲ. ಬಂದವರೆಲ್ಲ ನನ್ನನ್ನೇ ಕೇಳೋರು. ಇಲ್ಲ, ನನಗೆ ಆಗಲ್ಲ ಅಂತ ಬಾಯಿಗೆ ಬರ್ತಿರ್ಲಿಲ್ಲ ಕಣೇ. ಅವಳು ಫ್ರೀ ಇದ್ದಾಳೆ ಅಂತ ನಿನ್ನನ್ನ ತೋರಿಸಿ ನಾನು ಬಚಾವಾಗ್ತಿದ್ದೆ. ತಪ್ಪು ಅಂತ ಗೊತ್ತಿತ್ತು. ನಿನ್ನ ತರಬೇತಿ ಕಾಗದದ ವಿಷಯಾನೂ ಗೊತ್ತಿತ್ತು. ನೀನು ಅದನ್ನ ವಾಪಸು ಕೊಟ್ಟ ಮೇಲೆ ನಿಮ್ಮ ಮೇಷ್ಟ್ರು ಮನೆಗೆ ಬಂದು ಹೇಳಿ ಹೋಗಿದ್ರು. ನಾನು ನಿನಗೆ ಹೇಳಲಿಲ್ಲ."

ಚೀಟಿ ಅಕ್ಕನಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಇಪ್ಪತ್ತಾರು ವರ್ಷ ಇವರು ಗೊತ್ತಿದ್ದೂ ಸುಮ್ಮನಿದ್ದರಲ್ಲ ಅಂತ ಮೈಯೆಲ್ಲ ಉರಿಯಿತು. ಆದರೆ ಸೂಟ್‌ಕೇಸಿನ ಮೇಲೆ ಕೂತಿದ್ದದ್ದು ಅರುವತ್ತೆರಡರ ಹೆಂಗಸು, ಬಲಗೈ ಸೊಂಟದ ಮೇಲೆ; ಎಂಟು ತಿಂಗಳಿಂದ ಆ ಸೊಂಟಕ್ಕೆ ರೈಲು ಹತ್ತುವುದಿರಲಿ, ಬಸ್ಸು ಹತ್ತುವುದಕ್ಕೂ ಆಗುತ್ತಿರಲಿಲ್ಲ. ಈಕೆಯೂ ಒಂದು ದಿನ ಫ್ರೀ ಇದ್ದದ್ದನ್ನು ಅವಳು ನೋಡಿರಲಿಲ್ಲ. ಅವಳು ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮೇಷ್ಟ್ರು ಬಂದಿದ್ದರಾ ಅಂತ ಕೇಳಿದಳು. ಬಂದಿದ್ರು, ನೀನು ತುಂಬಾ ಬುದ್ಧಿವಂತೆ ಅಂತ ಹೇಳಿ ಚಹಾನೂ ಕುಡೀದೆ ಹೋದ್ರು ಅಂದರು ಅತ್ತಿಗೆ.

ಹಾಗಾದರೆ ಮಗಳ ಹತ್ತಿರ ಹೋಗುವವರು ಯಾರು? ಯಾರು ಮೊದಲೋ ಗೊತ್ತಿಲ್ಲ, ಇಬ್ಬರೂ ತಲೆಯೆತ್ತಿ ಕಿಟಕಿಯ ಕಡೆ ನೋಡಿದರು. ಅಣ್ಣ ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಎದ್ದು ವಾಕಿಂಗು, ಪೇಪರು, ಊಟ, ನಿದ್ದೆ, ಟೀವಿ. ಗುಂಡುಕಲ್ಲಿನಂತೆ ಆರೋಗ್ಯ. ಈ ನಾಲ್ಕು ವರ್ಷದಲ್ಲಿ ಅವನನ್ನು ಫ್ರೀ ಅಂತ ಆ ಮನೆಯಲ್ಲಿ, ಆ ಬೀದಿಯಲ್ಲಿ, ಯಾರೆಂದರೆ ಯಾರೂ ಅಂದಿರಲಿಲ್ಲ.

"ನೀವು ಫ್ರೀ ಇದ್ದೀರಲ್ಲ," ಅಂದರು ಅತ್ತಿಗೆ.

ಅಣ್ಣ ಪೇಪರು ಮಡಿಸಿದ. ನಾನಾ ಅಂದ. ನನಗೇನು ಬರುತ್ತೆ ಅಲ್ಲಿ ಹೋಗಿ, ಗಂಡಸು ನಾನು ಅಂತ ಏನೋ ಶುರುಮಾಡಿದ, ಅರ್ಧಕ್ಕೇ ನಿಲ್ಲಿಸಿದ. ಹೆಂಡತಿಯ ಮುಖ ನೋಡಿದ, ತಂಗಿಯ ಮುಖ ನೋಡಿದ. ಅವನು ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. ಬಹಳ ಸಣ್ಣ ದನಿಯಲ್ಲಿ ಕೇಳಿದ: "ಹುಟ್ಟಿದ ಮಗೂನ ಎತ್ತಿಕೊಳ್ಳೋದು ಹೇಗೆ ಅಂತ ತೋರಿಸ್ತೀರಾ? ನಮ್ಮ ಮಕ್ಕಳಿಬ್ಬರನ್ನೂ ನಾನು ಎತ್ತಿಕೊಂಡಿರಲಿಲ್ಲ."

ಅತ್ತಿಗೆ ಕಷ್ಟಪಟ್ಟು ಎದ್ದು ಒಳಗಿಂದ ಒಂದು ಸಣ್ಣ ದಿಂಬು ತಂದು ಗಂಡನ ತೋಳಿನಲ್ಲಿಟ್ಟರು. ಅವನು ಅದನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ಉಸಿರು ಕಟ್ಟಿ ಎದ್ದು ನಿಂತ. ಚೀಟಿ ಅಕ್ಕ ಎದ್ದು ಹೋಗಿ ಅವನ ಎಡಗೈಯನ್ನು ಸ್ವಲ್ಪ ಮೇಲಕ್ಕೆ ಸರಿಸಿದಳು.

"ಕತ್ತಿನ ಕೆಳಗೆ ಕೈ ಕೊಡಬೇಕು ಅಣ್ಣ," ಅಂದಳು.